ಕಾಮಣ್ಣನ ಕಟ್ಟಿಗೆ ಖಾತೆ

ಫಾಲ್ಗುಣದ ಹುಣ್ಣಿಮೆ ಹತ್ತಿರ ಬಂತೆಂದರೆ ಉತ್ತರ ಕರ್ನಾಟಕದ ಓಣಿಗಳಲ್ಲಿ ಕಟ್ಟಿಗೆಗೆ ಕಾಲು ಮೂಡುತ್ತವೆ. ಸಂಜೆ ಹಿತ್ತಲಲ್ಲಿ ಒಟ್ಟಿದ್ದದ್ದು ಬೆಳಗಾಗುವಷ್ಟರಲ್ಲಿ ಗುಡಿಯ ಹಿಂದಿನ ಬಯಲಿಗೆ ಸೇರಿರುತ್ತದೆ. ಕುಳ್ಳಿನ ರಾಶಿ ಒಂದು ಮಗ್ಗಲಿಗೆ ಕುಸಿದಿರುತ್ತದೆ. ಮೂರೇ ಕಾಲಿನ ಸ್ಟೂಲು, ತಿರುಗಣಿ ಕಿತ್ತುಹೋದ ಬಾಗಿಲು, ಅಜ್ಜ ಎಂದೋ ಒಂದು ದಿನ ರಿಪೇರಿ ಮಾಡಿಸುತ್ತೇನೆಂದು ಅಟ್ಟಕ್ಕೇರಿಸಿದ್ದ ಕುರ್ಚಿ, ಎಲ್ಲಕ್ಕೂ ಒಂದೇ ಗತಿ. ಮನೆಯ ಹಿರಿಯರು ಕಟ್ಟೆಯ ಮೇಲೆ ನಿಂತು ಬೈಯುತ್ತಾರೆ. ಆ ಬೈಗುಳದಲ್ಲಿ ಸಿಟ್ಟಿಗಿಂತ ಗತ್ತೇ ಹೆಚ್ಚು. ಐವತ್ತು ವರ್ಷದ ಹಿಂದೆ ಇದೇ ಓಣಿಯ ಕಟ್ಟಿಗೆ ಖಾತೆ ಅವರ ಕೈಯಲ್ಲೇ ಇತ್ತಲ್ಲ!

ಕದ್ದವರು ಮುಚ್ಚಿಡುವುದೂ ಇಲ್ಲ. ತಾವು ಕಳ್ಳರೆಂದೂ ಏನೇನು ಕದ್ದೆವೆಂದೂ ಪ್ರಾಸ ಹಾಕಿ, ಹಲಗೆ ಬಡಿದು, ಊರಿಗೆಲ್ಲ ಕೇಳುವಂತೆ ಕೂಗುತ್ತಾರೆ. ಆ ಕೂಗು ಹಳೇ ಮೈಸೂರು ಕಡೆಯ ಮಕ್ಕಳಿಗೂ ಬಾಯಿಪಾಠ. ಇಷ್ಟು ಸಲೀಸಾಗಿ ತಪ್ಪೊಪ್ಪಿಗೆ ಸಿಗುವ ಪ್ರಕರಣ ಪೊಲೀಸರಿಗೆ ವರ್ಷವಿಡೀ ಇನ್ನೊಂದು ಸಿಗಲಾರದು.

ಈಗೀಗ ಹಬ್ಬ ಬಂದರೆ ಮಕ್ಕಳಿಗೆ ಏನಾದರೂ ‘ಆ್ಯಕ್ಟಿವಿಟಿ’ ಕೊಡಬೇಕೆಂದು ದೊಡ್ಡವರು ತಲೆ ಕೆಡಿಸಿಕೊಳ್ಳುತ್ತಾರೆ. ಕಾಮನ ಹಬ್ಬದ ಮಟ್ಟಿಗೆ ಈ ಚಿಂತೆ ದಂಡ. ಅದು ಶುರುವಿನಿಂದಲೂ ಮಕ್ಕಳ ಇಲಾಖೆ. ಆರನೇ ಇಯತ್ತೆಯ ಒಬ್ಬ ಮುಖಂಡ, ಲೆಕ್ಕ ಬರೆಯುವ ಒಬ್ಬ ಗುಮಾಸ್ತ, ಗೋಡೆ ಹಾರುವ ಇಬ್ಬರು, ಯಾರಾದರೂ ಬಂದರೆ ಸಿಳ್ಳೆ ಹೊಡೆಯಲು ಒಬ್ಬ, ಏನೂ ಬರದಿದ್ದರೂ ತಮ್ಮನೆಂಬ ಕಾರಣಕ್ಕೆ ಸೇರಿಸಿಕೊಂಡ ಇನ್ನೊಬ್ಬ. ಸಿಕ್ಕಿಬೀಳುವವನು ಯಾವಾಗಲೂ ಈ ತಮ್ಮನೇ.

ವಂತಿಗೆ ಎತ್ತುವುದು ಬೇರೆಯೇ ವಿದ್ಯೆ. “ಯಮ್ಮಾ, ಕಾಮಣ್ಣಗ ಪಟ್ಟಿ ಕೊಡ್ರಿ” ಎಂದು ಬಾಗಿಲಲ್ಲಿ ನಿಂತರೆ, “ನಿನ್ನೆ ಕೊಟ್ಟೇನಲ್ಲೋ” ಎಂಬ ಉತ್ತರ ಬರುತ್ತದೆ. “ಅದು ಕೆಳಗಿನ ಓಣಿ ಕಾಮಣ್ಣಗ್ರಿ, ನಮ್ಮ ಕಾಮಣ್ಣ ಬ್ಯಾರೆ.” ಒಂದೇ ದೇವರಿಗೆ ಎರಡು ಓಣಿಗಳಲ್ಲಿ ಎರಡು ಖಾತೆ ತೆರೆಯುವ ಈ ಜಾಣ್ಮೆಯನ್ನು ಯಾವ ಕ್ರಾಫ್ಟ್ ಟೀಚರೂ ಕಲಿಸಿದ್ದಲ್ಲ.

ಇನ್ನು ಕಾಮಣ್ಣನನ್ನು ಕಟ್ಟುವ ಕೆಲಸ. ಹುಬ್ಬಳ್ಳಿ ಕಡೆ ವರ್ಷವರ್ಷವೂ ಹೊರತೆಗೆದು ಕೂರಿಸುವ ಮರದ ರತಿ-ಕಾಮರಿದ್ದಾರೆ. ನವಲಗುಂದದ ರಾಮಲಿಂಗ ಕಾಮಣ್ಣನಿಗಂತೂ ಮದುವೆ ಆಗಲಿ, ಮಗು ಆಗಲಿ ಎಂದು ಹರಕೆ ಹೊರಲು ದೂರದೂರದಿಂದ ಜನ ಬರುತ್ತಾರೆ. ಹುಡುಗರ ಕಾಮಣ್ಣನಿಗೆ ಆ ಯೋಗವಿಲ್ಲ. ಎರಡು ಕೋಲನ್ನು ಅಡ್ಡಡ್ಡ ಕಟ್ಟಿದರೆ ಎಲುಬು, ಹುಲ್ಲು ತುರುಕಿದರೆ ಮೈ, ಯಾರದೋ ಅಪ್ಪನ ಹಳೆಯ ಪ್ಯಾಂಟು, ಬಾಯಿ ಒಡೆದ ಮಡಕೆಯ ತಲೆ. ಮೀಸೆಗೆ ಇದ್ದಿಲು. ಕೈಗೊಂದು ಕಬ್ಬಿನ ಜಲ್ಲೆ ಕೊಡಬೇಕು, ಏಕೆಂದರೆ ಮನ್ಮಥನ ಬಿಲ್ಲು ಕಬ್ಬಿನದು. ಆದರೆ ಆ ಬಿಲ್ಲು ಸಂಜೆಯವರೆಗೆ ಉಳಿದ ದಾಖಲೆಯಿಲ್ಲ. ಶಿವ ಮೂರನೇ ಕಣ್ಣು ತೆರೆಯುವ ಮೊದಲೇ ಕಾಮನ ಆಯುಧವನ್ನು ಅವನ ಕಡೆಯವರೇ ಕಚ್ಚಿ ತಿಂದು ಮುಗಿಸಿರುತ್ತಾರೆ.

ಕಾಳಿದಾಸ ‘ಕುಮಾರಸಂಭವ’ದ ಮೂರನೆಯ ಸರ್ಗದಲ್ಲಿ ಕಾಮನನ್ನು ಸುಟ್ಟು, ನಾಲ್ಕನೆಯ ಸರ್ಗವನ್ನೆಲ್ಲ ರತಿಯ ಗೋಳಿಗೆ ಬಿಟ್ಟುಕೊಟ್ಟ. ಓಣಿಯ ಹುಡುಗರಿಗೆ ಅಷ್ಟು ಪುರುಸೊತ್ತಿಲ್ಲ. ಬೆಂಕಿ ಮೇಲೆದ್ದ ಕೂಡಲೇ ಅಂಗೈಯನ್ನು ಬಾಯಿಗೆ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ದುಕೊಂಡರೆ ರತಿವಿಲಾಪ ಮುಗಿಯಿತು. ಮರುಕ್ಷಣವೇ ಅದೇ ಬೆಂಕಿಯಲ್ಲಿ ಹಸಿ ಕಡಲೆ ಗಿಡ ಸುಡಲು ನೂಕುನುಗ್ಗಲು. ಕಾಮನ ಬೆಂಕಿಯ ಕಡಲೆ ತಿಂದರೆ ಹಲ್ಲು ಗಟ್ಟಿಯಾಗುತ್ತದೆಂದು ಹಿರಿಯರ ಮಾತು. ಹೌದೋ ಅಲ್ಲವೋ, ತಿಂದವರ ಹಲ್ಲು ಅಂದಿಗಂತೂ ಕಪ್ಪಾಗುತ್ತದೆ.

ಹಲಗೆಯ ಮಾತು ಬಿಟ್ಟರೆ ಬಾಗಲಕೋಟೆಯವರು ಬಿಡುವುದಿಲ್ಲ. ಹಬ್ಬಕ್ಕೆ ಮುಂಚೆ ಅಲ್ಲಿನ ಪೇಟೆಯಲ್ಲಿ ಪುಟ್ಟ ಕೈಗೆ ಹೊಂದುವ ಚಿಕ್ಕ ಹಲಗೆಗಳೂ ಮಾರಾಟಕ್ಕೆ ಬರುತ್ತವೆ. ಚರ್ಮದ ಹಲಗೆಯಾದರೆ ಬೆಂಕಿಗೆ ಹಿಡಿದು ಕಾಯಿಸಬೇಕು. ಚರ್ಮ ಬಿಗಿದು ನಾದ ಏರುತ್ತದೆ. ಎಷ್ಟು ದೂರ ಹಿಡಿಯಬೇಕು, ಯಾವಾಗ ಹಿಂದೆಗೆಯಬೇಕು ಎಂಬುದು ಬಡಿದು ಬಡಿದೇ ಗೊತ್ತಾಗಬೇಕಾದ್ದು. ಈಗಿನ ಪ್ಲಾಸ್ಟಿಕ್ ಹಾಳೆಯ ಹಲಗೆಗೆ ಈ ಕಾಟವಿಲ್ಲ, ಹಾಗೆಯೇ ಆ ದನಿಯೂ ಇಲ್ಲ. ಹಲಗೆ ಸಿಗದವನು ಎಣ್ಣೆ ಡಬ್ಬಿ ಬಡಿಯುತ್ತಾನೆ. ಅಕ್ಕಪಕ್ಕದವರ ಅನುಭವದ ಪ್ರಕಾರ ಎಲ್ಲಕ್ಕಿಂತ ದೂರ ಕೇಳುವುದು ಅದೇ. ಕೋಲ್ಕತ್ತ ಬಿಟ್ಟರೆ ನಮ್ಮದೇ ಹೋಳಿ ಎನ್ನುವ ಬಾಗಲಕೋಟೆಯಲ್ಲಿ ಬಂಡಿಯ ಮೇಲೆ ಬ್ಯಾರಲ್‌ಗಟ್ಟಲೆ ಬಣ್ಣ ಹೊರಡುತ್ತದೆ, ಆಟ ದಿನಗಟ್ಟಲೆ ನಡೆಯುತ್ತದೆ. ಹುಬ್ಬಳ್ಳಿಯವರು ರಂಗಪಂಚಮಿಯವರೆಗೆ ಕಾಯುತ್ತಾರೆ. ಎರಡೂ ಊರಲ್ಲಿ ನೆಂಟರಿರುವ ಹುಡುಗನ ಪುಣ್ಯವೇ ಪುಣ್ಯ, ಅವನ ತಾಯಿಯ ಒಗೆತವೇ ಒಗೆತ.

ಬಣ್ಣ ಮಾಡುವುದರಲ್ಲಿ ನಿಜವಾದ ಕೈಕೆಲಸವಿದೆ. ಹೋಳಿಯ ಹೊತ್ತಿಗೆ ಸರಿಯಾಗಿ ಮುತ್ತುಗದ ಮರ ಎಲೆಯೆಲ್ಲ ಉದುರಿಸಿ, ಮೈತುಂಬ ಕೆಂಡದಂಥ ಹೂ ಬಿಟ್ಟು ನಿಂತಿರುತ್ತದೆ. ಮರ ಹತ್ತಬೇಕಾಗಿಲ್ಲ, ಬುಡದಲ್ಲೇ ಬೇಕಾದಷ್ಟು ಬಿದ್ದಿರುತ್ತವೆ. ಗಿಳಿಯ ಕೊಕ್ಕಿನಂತೆ ಬಾಗಿದ ಎಸಳನ್ನು ಮಖಮಲ್ಲಿನಂಥ ಕಪ್ಪು ತೊಟ್ಟಿನಿಂದ ಬಿಡಿಸಿ, ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಿದರೆ ಕೇಸರಿ ಬೆರೆತ ಹಳದಿ. ಚಿಟಿಕೆ ಸುಣ್ಣ ಬಿದ್ದರೆ ಬಣ್ಣ ಇನ್ನೂ ಗಾಢ. ಸುಣ್ಣಕ್ಕೆ ಮಾತ್ರ ದೊಡ್ಡವರ ಕೈಯೇ ಆಗಬೇಕು. ಹಾಗೆ ಬೆರೆಸಿದ ನೀರು ನೆಲಕ್ಕೆ, ಬಟ್ಟೆಗೆ ಸರಿ. ಮುಖಕ್ಕೆ, ಕಣ್ಣಿಗೆ ಸಲ್ಲದು.

ಅರಿಶಿನದ ಕಥೆ ಇದಕ್ಕಿಂತ ರಂಗು. ಅರಿಶಿನದ ನೀರಿಗೆ ಸುಣ್ಣ ಸೇರಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ಓಕುಳಿ ಅದೇ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ರಸಾಯನಶಾಸ್ತ್ರದ ಮೇಷ್ಟರು ಸೂಚಕವೆಂದು ಒಂದು ಪಿರಿಯಡ್ ಪೂರ್ತಿ ಕೊರೆಯುವ ಪಾಠ ಅಡುಗೆಮನೆಯ ಎರಡು ಬಟ್ಟಲಲ್ಲಿ ಮುಗಿಯಿತು. ಇದರ ಮುಂದಿನ ಪ್ರಯೋಗ ಬಚ್ಚಲಲ್ಲಿ ನಡೆಯುತ್ತದೆ. ಬಿಳಿ ಅಂಗಿಯ ಹಳದಿ ಕಲೆಗೆ ತಾಯಿ ಬಟ್ಟೆ ಸೋಪು ತಿಕ್ಕುತ್ತಾಳೆ. ಸೋಪೂ ಕ್ಷಾರವೇ. ಕಲೆ ರಕ್ತದಂತೆ ಕೆಂಪಾಗಿ, ತಾಯಿ ಕಿರುಚಿ, ಹುಡುಗ ಇದು ಸೈನ್ಸ್ ಎಂದು ವಿವರಿಸಲು ಹೋಗಿ, ಬೆನ್ನಿಗೆ ಇನ್ನೊಂದು ಕೆಂಪು ಗುರುತು ಬೀಳುತ್ತದೆ. ಅಂಗಿಯನ್ನು ಬಿಸಿಲಿಗೆ ಹರವಿದರೆ ಅರಿಶಿನ ತಾನಾಗಿ ಮಾಸುತ್ತದೆ.

ಎರಚುವುದಕ್ಕೆ ಪಿಚಕಾರಿ ಬೇಡವೇ? ಒಂದು ಕಡೆ ಗಿಣ್ಣು ಉಳಿಸಿಕೊಂಡ ಬಿದಿರಿನ ತುಂಡು, ಆ ಗಿಣ್ಣಿಗೆ ಕಾಯಿಸಿದ ಮೊಳೆಯಿಂದ ಒಂದು ತೂತು, ಒಳಗೆ ಓಡಾಡಲು ತುದಿಗೆ ಚಿಂದಿ ಸುತ್ತಿದ ಕಡ್ಡಿ. ಚಿಂದಿ ಸಡಿಲಾದರೆ ನೀರು ಹಿಂದಕ್ಕೆ ಬಂದು ಹೊಡೆದವನೇ ತೋಯುತ್ತಾನೆ. ಬಿಗಿಯಾದರೆ ಒದ್ದೆಯಾದ ಮೇಲೆ ಉಬ್ಬಿ ಕಡ್ಡಿ ಅಲ್ಲಾಡುವುದಿಲ್ಲ. ಎರಡರ ನಡುವಿನ ಹದ ಸಿಗುವಷ್ಟರಲ್ಲಿ ಎದುರಾಳಿ ಮನೆಗೆ ಹೋಗಿ ಊಟ ಮಾಡಿ ಬಂದಿರುತ್ತಾನೆ. ಹಂಪಿಯ ಮಹಾನವಮಿ ದಿಬ್ಬದ ಕೆತ್ತನೆಗಳಲ್ಲೂ ಓಕುಳಿಯಾಟವಿದೆ, ಪಿಚಕಾರಿ ಹಿಡಿದವರಿದ್ದಾರೆ. ಅವರದ್ದು ಸಿಕ್ಕಿಹಾಕಿಕೊಂಡಂತೆ ಕಾಣುವುದಿಲ್ಲ, ಅರಮನೆಯ ಮಾಲು.

ನೋಡಿ ಬಂದದ್ದನ್ನು ಮನೆಯಲ್ಲಿ ಮಾಡಿ ನೋಡುವುದು ಇನ್ನೊಂದು ಆಟ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷ ಕುಣಿಯುತ್ತದೆ. ಬೆನ್ನಿಗೆ ನವಿಲುಗರಿ, ಕೈಗೆ ಕತ್ತಿ-ಗುರಾಣಿ, ಅಬ್ಬರಿಸಿ ನುಗ್ಗದಂತೆ ಹಿಂದಿನಿಂದ ಹಗ್ಗ ಹಿಡಿದವರು. ಮರುದಿನ ಮನೆಮನೆಯಲ್ಲಿ ರಟ್ಟಿನ ಗುರಾಣಿ, ಕಸಬರಿಗೆಯ ಗರಿ. ಹಗ್ಗವೆಂದರೆ ಅಪ್ಪನ ಟವೆಲ್ಲು, ಅದನ್ನು ಹಿಡಿಯುವ ಗೋಳು ಅಜ್ಜಿಯದು. ರಾಣೆಬೆನ್ನೂರಿನಲ್ಲಿ ಜೀವಂತ ರತಿ-ಮನ್ಮಥರನ್ನು ಕೂರಿಸುತ್ತಾರೆ. ಜನ ಏನೇ ಚೇಷ್ಟೆ ಮಾಡಲಿ, ಅವರು ನಗಬಾರದು, ನಗಿಸಿದವರಿಗೆ ಬಹುಮಾನ. ಮನೆಯಲ್ಲಿ ಖರ್ಚಿಲ್ಲದೆ ಆಡಿಸಬಹುದಾದ ಆಟವೆಂದರೆ ಇದೇ. ಹತ್ತು ನಿಮಿಷ ಮಕ್ಕಳು ಗಪ್‌ಚಿಪ್ ಕೂರುವುದೇ ದೊಡ್ಡವರಿಗೆ ಬಹುಮಾನ.

ಇಷ್ಟೆಲ್ಲ ಇರುವಾಗ ನಗರದ ಮಕ್ಕಳ ಕೈಗೆ ಸಿಗುವುದೇನು? ಅಚ್ಚು ಹಾಕಿದ ಒಂದು ಹಾಳೆ. ಅದರಲ್ಲಿ ಪಿಚಕಾರಿ ಹಿಡಿದ ಹುಡುಗನ ಚಿತ್ರ, ಕೆಳಗೊಂದು ಸೂಚನೆ: ಗೆರೆ ದಾಟದಂತೆ ಬಣ್ಣ ತುಂಬಿ. ಹೋಳಿಯ ದಿನ ಗೆರೆ ದಾಟಬಾರದಂತೆ! ಇನ್ನು ‘ಹೋಳಿ ಪ್ರಾಜೆಕ್ಟ್’ ಎಂದರೆ ರಾತ್ರಿ ಹನ್ನೊಂದಕ್ಕೆ ಅಮ್ಮ ಥರ್ಮಾಕೋಲ್ ಕತ್ತರಿಸಬೇಕು, ಅಪ್ಪ ಫೆವಿಕಾಲ್ ಹುಡುಕಬೇಕು, ಮಗು ನಿದ್ದೆ ಮಾಡಬೇಕು. ಬೆಳಿಗ್ಗೆ ಬಹುಮಾನ ಮಗುವಿಗೆ. ಅಮೆರಿಕದ ತಣ್ಣನೆಯ ಊರುಗಳಲ್ಲಿರುವ ಕನ್ನಡಿಗರು ಮಾರ್ಚಿನ ಚಳಿಗೆ ಹೆದರಿ ಹಬ್ಬವನ್ನು ಏಪ್ರಿಲ್, ಮೇ ತಿಂಗಳ ಶನಿವಾರಕ್ಕೆ ತಳ್ಳುತ್ತಾರೆ. ಅದನ್ನಾದರೂ ಒಪ್ಪಬಹುದು, ತಡವಾದರೂ ಅಲ್ಲಿ ಮಕ್ಕಳು ಮೈತುಂಬ ಬಣ್ಣ ಮಾಡಿಕೊಳ್ಳುತ್ತಾರೆ. ಗೆರೆಯೊಳಗಿನ ಹೋಳಿಯನ್ನು ಒಪ್ಪುವುದು ಕಷ್ಟ.

ಪರೀಕ್ಷೆಯ ನೆಪವೊಂದಿದೆ, ನಿಜ. ಎಸ್ಸೆಸ್ಸೆಲ್ಸಿಯೂ ಹೋಳಿಯೂ ಒಂದೇ ಮಾರ್ಚಿನಲ್ಲಿ ಹೆಗಲು ತಾಗಿಸುತ್ತವೆ. ಆದರೆ ಪರೀಕ್ಷೆ ಇರುವುದು ಅಣ್ಣನಿಗೆ. ಮೂರನೇ ಕ್ಲಾಸಿನ ತಂಗಿಯನ್ನೂ ಅವನ ಜೊತೆ ಕೂಡಿಹಾಕುವುದು ಯಾವ ನ್ಯಾಯ?

ಆದ್ದರಿಂದ ತಂದೆತಾಯಂದಿರಲ್ಲಿ ಒಂದು ವಿನಂತಿ. ಈ ಸಲ ಹಬ್ಬದ ಹಿಂದಿನ ವಾರ, ಎಂದಿಗೂ ರಿಪೇರಿಯಾಗದ ಆ ಮರದ ಕುರ್ಚಿಯನ್ನು ಗೇಟಿನ ಪಕ್ಕ ಇಡಿ. ಪ್ಲಾಸ್ಟಿಕ್ಕಿನದು ಬೇಡ, ಹೊಗೆ ಕೆಟ್ಟದ್ದು. ಕತ್ತಲಾದ ಮೇಲೆ ಹೊರಗೆ ಪಿಸುಮಾತು ಕೇಳಿದರೆ ಲೈಟು ಹಾಕಬೇಡಿ. ಐದು ನಿಮಿಷ ಬಿಟ್ಟು ಹೊರಗೆ ಬಂದು, ಓಣಿಗೆಲ್ಲ ಕೇಳುವಂತೆ ಜೋರಾಗಿ ಬೈಯಿರಿ.