ಬಚ್ಚಲುಮನೆಯ ಗಾಳಿ ವ್ಯವಹಾರ

ಮನೆಯಲ್ಲಿರುವ ಯಂತ್ರಗಳ ಪೈಕಿ ಅತಿ ಕಡಿಮೆ ಮರ್ಯಾದೆ ಸಿಕ್ಕಿರುವುದು ಬಚ್ಚಲಿನ ಎಕ್ಸಾಸ್ಟ್ ಫ್ಯಾನಿಗೆ. ಆಯುಧಪೂಜೆಯ ದಿನ ಸ್ಕೂಟರಿಗೆ ಹಾರ ಬೀಳುತ್ತದೆ, ಮಿಕ್ಸಿಗೆ ಕುಂಕುಮ, ವಾಷಿಂಗ್ ಮೆಷೀನಿನ ತಲೆಯ ಮೇಲೊಂದು ಸೇವಂತಿಗೆ. ನಮ್ಮಮ್ಮ ಈಳಿಗೆಮಣೆಯನ್ನೂ ಬಿಡುವವಳಲ್ಲ. ಎಕ್ಸಾಸ್ಟ್ ಫ್ಯಾನಿಗೆ ಒಂದು ಬೊಟ್ಟು ಅರಿಶಿನ ಇಟ್ಟ ಪುಣ್ಯಾತ್ಮರನ್ನು ಮಾತ್ರ ನಾನಿನ್ನೂ ಕಂಡಿಲ್ಲ. ಅಷ್ಟೆತ್ತರಕ್ಕೆ ಸ್ಟೂಲು ಹತ್ತಬೇಕು, ಅದೂ ಬಚ್ಚಲಿನ ಜಾರು ನೆಲದ ಮೇಲೆ. ದೇವರ ಕೆಲಸವಾದರೂ ಸೊಂಟ ನಮ್ಮದೇ ತಾನೆ?

ಆ ಕೋಪಕ್ಕೇ ಇರಬೇಕು, ನಮ್ಮ ಫ್ಯಾನು ಈ ಸಲ ಚಳಿ ಶುರುವಾಗುತ್ತಲೇ ಮುನಿಸಿಕೊಂಡಿತು. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಕಚೇರಿ ಮುಗಿಸುವ ವಿದ್ವಾಂಸರ ಹಾಗೆ. ಕನ್ನಡಿಗೆ ಹಬೆ ಕೂತು ನನ್ನ ಮುಖವೇ ಮಾಯ. “ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯ್ತು ಬಿಡ್ರೀ” ಎಂದಳು ನನ್ನಾಕೆ. ಟವೆಲ್ಲು ಮುಗ್ಗಲು ನಾತ ಹೊಡೆಯತೊಡಗಿ, ಚಾವಣಿಯ ಮೂಲೆಯಲ್ಲಿ ಕಪ್ಪು ಬೂಷ್ಟು ಭೂಪಟ ಬರೆಯತೊಡಗಿದ ಮೇಲೆ ಅವಳ ಹಾಸ್ಯವೂ ನಿಂತಿತು.

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯ ಬಚ್ಚಲಿಗೆ ಈ ರೋಗವೇ ಇರಲಿಲ್ಲ. ಒಲೆಯ ಮೇಲೆ ಹುಗಿದಿಟ್ಟ ಹಂಡೆ, ಕೆಳಗೆ ಸದಾ ಉರಿಯುವ ಅಡಕೆ ಸಿಪ್ಪೆ, ಮೇಲೆ ಹಂಚು. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಕಟ್ಟಿ ಪೂಜೆ. ನೋಡಿ, ಅಲ್ಲಿ ಬಚ್ಚಲಿನ ಸಾಮಾನಿಗೂ ವರ್ಷಕ್ಕೊಮ್ಮೆ ಆರತಿ ಎತ್ತುತ್ತಿದ್ದರು! ಎಣ್ಣೆಸ್ನಾನದ ದಿನ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಬಿಸಿನೀರು ಹೊಯ್ದುಕೊಂಡರೂ ಹಬೆ ನಿಲ್ಲುತ್ತಿರಲಿಲ್ಲ. ಹಂಚಿನ ಸಂದಿಯಿಂದ ಅದು ತಾನಾಗಿ ಹೊರಟುಹೋಗುತ್ತಿತ್ತು. ಬಾಗಿಲಿಗೂ ಹೊಸ್ತಿಲಿಗೂ ನಡುವೆ ಬೆಕ್ಕು ನುಸುಳುವಷ್ಟು ಜಾಗ. ಮಾಘದ ಚಳಿ ಅದರ ಕೆಳಗಿಂದ ಬಂದು ನೇರ ಮೊಣಕಾಲು ಹಿಡಿಯುತ್ತಿತ್ತು. ಆಗ ಬಡಗಿಯನ್ನು ಬೈಯುತ್ತಿದ್ದೆವು.

ಇರಲಿ. ಪಕ್ಕದ ಮನೆ ರಾಯರು ಸುದ್ದಿ ಕೇಳಿ, “ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ, ಓಡುತ್ತೆ” ಎಂದರು. ರಾಯರ ಪ್ರಕಾರ ಕೊಬ್ಬರಿ ಎಣ್ಣೆಗೆ ಬಗ್ಗದ ವ್ಯಾಧಿಯಿಲ್ಲ. ಆದರೆ 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುವ ಪದಾರ್ಥ ಅದು. ಬೆಂಗಳೂರಿನ ಡಿಸೆಂಬರಿನಲ್ಲಿ ತಲೆಗೆ ಹಚ್ಚುವ ಮೊದಲು ಬಾಟಲಿಯನ್ನೇ ಬಿಸಿಲಿಗಿಡಬೇಕು. ಫ್ಯಾನನ್ನು ಬಿಸಿಲಿಗಿಡುವುದು ಹೇಗೆ?

ಕೊನೆಗೆ ಎಲೆಕ್ಟ್ರಿಷಿಯನ್ ಹುಡುಗ ಬಂದ. ಮೇನ್ ಆಫ್ ಮಾಡಿಸಿ, ರೆಕ್ಕೆಗೆ ಬೆರಳು ಹಚ್ಚಿ ನೂಕಿದ. “ಕೈಯಲ್ಲಿ ಸಲೀಸಾಗಿ ತಿರುಗಿ, ಕರೆಂಟ್ ಕೊಟ್ಟಾಗ ನಿಂತ್ರೆ ಕೆಪಾಸಿಟರ್ ಹೋಗಿದೆ ಅಂತ ಸಾರ್. ಇದು ಕೈಗೇ ಬರ್ತಿಲ್ಲ. ಬುಷ್ ಒಣಗಿದೆ.” ದಂಡ ತಿರುಗುವ ಕಡೆ ಒಂದು ಸಣ್ಣ ಲೋಹದ ಬಳೆ ಇರುತ್ತದಂತೆ. ಅದರ ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರ, ರಂಧ್ರದ ತುಂಬ ಎಣ್ಣೆ. ವರ್ಷಗಟ್ಟಲೆ ಅದೇ ಎಣ್ಣೆ ಕುಡಿದುಕೊಂಡು ತಿರುಗುವ ದಂಡಕ್ಕೆ, ಹಬೆ ಮತ್ತು ಧೂಳು ಸೇರಿ ಅಂಟಾದ ಮೇಲೆ ಉಸಿರು ಕಟ್ಟುತ್ತದೆ. ಹೊರಗಡೆಯ ಪಟ್ಟಿಗಳನ್ನು ಎತ್ತಿ ನೋಡಿದರೆ ಅಲ್ಲೊಂದು ಪಾರಿವಾಳದ ಸಂಸಾರ. ಗೂಡು ಕಟ್ಟುವ ವಿದ್ಯೆಯಲ್ಲಿ ಪಾರಿವಾಳ ಮಹಾ ಸೋಮಾರಿ. ನಾಲ್ಕು ಕಡ್ಡಿ ಅಡ್ಡಾದಿಡ್ಡಿ ಎಸೆದು ಗೃಹಪ್ರವೇಶ ಮುಗಿಸಿಬಿಡುತ್ತದೆ. ಪುಣ್ಯಕ್ಕೆ ಮೊಟ್ಟೆ ಇರಲಿಲ್ಲ. ಇದ್ದಿದ್ದರೆ ಅಮ್ಮ ಫ್ಯಾನಿನ ದುರಸ್ತಿಯನ್ನು ಯುಗಾದಿಯ ಆಚೆಗೆ ತಳ್ಳುತ್ತಿದ್ದಳು.

ಹೊಸ ಫ್ಯಾನಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋದೆ. ವಿದ್ಯುತ್ ಸಾಮಾನಿನ ಆ ಬೀದಿಯಲ್ಲಿ ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ಅಜ್ಞಾನ ಅಂಗಡಿಯವನಿಗೆ ಗೊತ್ತಾಗಿರುತ್ತದೆ. “ಆರಿಂಚು” ಎಂದೆ, ಗತ್ತಿನಿಂದ. “ರೆಕ್ಕೆ ಆರಿಂಚಾ, ಗೋಡೆ ತೂತು ಆರಿಂಚಾ?” ಡಬ್ಬಿಯ ಮೇಲೆ ಬರೆದ 150 ಮಿಲಿಮೀಟರ್ ರೆಕ್ಕೆಯ ಹರವಂತೆ. ತೂತು ಅದಕ್ಕಿಂತ ದೊಡ್ಡದಿರಬೇಕು, ಎಷ್ಟು ದೊಡ್ಡದು ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಮನೆಗೆ ಫೋನು ಮಾಡಿದೆ. ಅಮ್ಮ ಗೇಣಿನಲ್ಲಿ ಅಳೆದು ಹೇಳಿದಳು. ಅಂಗಡಿಯವನು ನನ್ನ ಗೇಣನ್ನೊಮ್ಮೆ ನೋಡಿ, ತಾನೇ ಒಂದು ಡಬ್ಬಿ ಆರಿಸಿಕೊಟ್ಟ. ಕೂತಿತು ಎನ್ನಿ, ನಾಲ್ಕು ಕಡೆ ಒಂದಷ್ಟು ಬಿಳಿ ಸಿಮೆಂಟು ಕುಡಿದು.

ಡಬ್ಬಿಯ ಮೇಲೆ ಗಂಟೆಗೆ 250 ಘನ ಮೀಟರ್ ಗಾಳಿ ಎಂದಿತ್ತು. ಎಂಟಡಿ ಉದ್ದ, ಐದಡಿ ಅಗಲ, ಒಂಬತ್ತಡಿ ಎತ್ತರದ ನಮ್ಮ ಬಚ್ಚಲಿನೊಳಗಿರುವುದೇ ಸುಮಾರು 10 ಘನ ಮೀಟರ್. ಅಂದರೆ ಎರಡೂವರೆ ನಿಮಿಷದಲ್ಲಿ ಹಳೆಯ ಗಾಳಿಯೆಲ್ಲ ಖಾಲಿ! ಈ ಲೆಕ್ಕವನ್ನು ಊಟದ ಹೊತ್ತಿಗೆ ಎಲ್ಲರಿಗೂ ವಿವರಿಸಿದೆ. ಮರುದಿನ ಸ್ನಾನಕ್ಕೆ ಇಳಿದರೆ ಫ್ಯಾನು ಗಿರ್ರನೆ ತಿರುಗುತ್ತಿದೆ, ಹಬೆ ಅಲ್ಲೇ ನಿಂತು ನನ್ನನ್ನು ನೋಡುತ್ತಿದೆ.

ಹುಡುಗ ಮತ್ತೆ ಬಂದ. ಈ ಸಲ ಪಕ್ಕಡ್ ತೆಗೆಯಲೇ ಇಲ್ಲ, ದಿನಪತ್ರಿಕೆಯ ಒಂದು ಹಾಳೆ ಕೇಳಿದ. ಬಾಗಿಲು ಹಾಕಿ ಫ್ಯಾನಿನ ಮುಖಕ್ಕೆ ಹಾಳೆ ಒತ್ತಿ ಬಿಟ್ಟ. ಅದು ಕೆಳಗೆ ಬಿತ್ತು. ಬಾಗಿಲು ಎರಡು ಬೆರಳು ತೆರೆದು ಮತ್ತೆ ಒತ್ತಿದ. ಹಾಳೆ ಪಟ್ಟನೆ ಅಂಟಿಕೊಂಡಿತು. “ಒಳಗೆ ಗಾಳಿ ಬಂದ್ರೆ ತಾನೆ ಸಾರ್ ಅದು ಹೊರಗೆ ಹಾಕೋದು?” ನೀರಿಗೆ ಉಬ್ಬುತ್ತಿದ್ದ ಮರದ ಬಾಗಿಲು ತೆಗೆಸಿ, ಇರುವೆಯೂ ನುಸುಳದಂತೆ ಪಿವಿಸಿ ಬಾಗಿಲು ಹಾಕಿಸಿದ್ದು ಹೋದ ವರ್ಷವೇ. ಅಜ್ಜನ ಮನೆಯ ಬಡಗಿಗೆ ಎಲ್ಲಿದ್ದರೂ ಬಿಕ್ಕಳಿಕೆ ಬಂದಿರಬೇಕು.

ಈಗ ಬಾಗಿಲಿನ ಬುಡಕ್ಕೆ ಗಾಳಿಯಾಡುವ ಜಾಲರಿ ಕೂರಿಸಬೇಕಂತೆ. “ಇವನ ಹಾಡು ನಡುಮನೆಗೆ ಕೇಳಿಸುತ್ತಲ್ಲೇ” ಎಂದು ಅಮ್ಮ ಆತಂಕಪಟ್ಟಳು. “ಹಾಡು ಈಗಲೂ ಕೇಳಿಸುತ್ತೆ ಅತ್ತೆ, ಇನ್ನು ಸಾಹಿತ್ಯವೂ ಕೇಳಿಸುತ್ತೆ” ಎಂದಳು ನನ್ನಾಕೆ. ಬಡಗಿ ಭಾನುವಾರ ಬರುತ್ತೇನೆಂದಿದ್ದಾನೆ. ಯಾವ ಭಾನುವಾರ ಎಂದು ಹೇಳಿಲ್ಲ. ಅಲ್ಲಿಯತನಕ ಬಾಗಿಲು ಎರಡು ಬೆರಳು ತೆರೆದಿಟ್ಟೇ ನನ್ನ ಸ್ನಾನ, ಆ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಟಿ.ವಿ. ಸದ್ದು ಜೋರು.