ಟೀಸಿಗೆ ಕಾಲಿಲ್ಲ

ಗೋವಾದ ವಾಸ್ಕೋದಲ್ಲಿ ಒಂದು ಶಾಲೆ. ಬಾದಾಮಿ ಕಡೆಯ ಗೌಂಡಿಯ ಹೆಂಡತಿ, ಜೊತೆಗೆ ಎಂಟು ವರ್ಷದ ಮಗ. ಪುಣ್ಯಕ್ಕೆ ಗುಮಾಸ್ತರೂ ಧಾರವಾಡದವರು.

"ಟೀಸಿ ಎಲ್ಲೈತಿ?"

"ಊರಾಗ ಉಳದೈತ್ರಿ ಸಾಹೇಬ್ರ."

"ಹಂಗಾರ ಹುಡುಗ ಇನ್ನೂ ಬಾದಾಮ್ಯಾಗ ಕಲ್ಯಾಕತ್ತಾನ!"

"ಇಲ್ಲೇ ನಿಂತಾನಲ್ರಿ?"

"ನಿಂತಿದ್ದು ಹುಡುಗ. ಹಾಜರಿ ಅಲ್ಲೇ ಐತಿ."

"ಟೀಸಿ ತಡಾ ಆತಂತ ಸಾಲಿಗೆ ಸೇರಿಸ್ಕೊಳ್ಳೂದು ನಿಲ್ಲಿಸಬಾರದಂತಲ್ರಿ? 2009ರ ಕಾಯ್ದೆ, 5ನೇ ಕಲಂ. ಸಂಘದ ಅಕ್ಕಾರು ಬರಕೊಟ್ಟಾರ."

"ಕಾಯ್ದೆ ಖರೇನ ಐತಿ ತಾಯಿ. 6ರಿಂದ 14 ವರ್ಷ, ಕಡ್ಡಾಯ. ಆದ್ರ ಕಡ್ಡಾಯ ಸರಕಾರಕ್ಕ. ನಾನು ಬರೇ ಗುಮಾಸ್ತ."

"ಮತ್ತ ದೇಶದಾಗ ಎಲ್ಲಿ ಬೇಕಾದಲ್ಲಿ ಓಡಾಡೋ ಹಕ್ಕು?"

"ಓಡಾಡ್ರಿ! ಸಂವಿಧಾನದ 19ನೇ ವಿಧಿ ಮನಶ್ಯಾಗೈತಿ, ಟೀಸಿಗಿಲ್ಲ."

ಹುಡುಗ ಸೆರಗು ಜಗ್ಗಿದ.

"ನಡೀಬೇ ಅವ್ವಾ, ಅಪ್ಪನ ಬಿಲ್ಡಿಂಗಿಗೆ ಹೋಗೂಣು. ಅಲ್ಲಿ ಟೀಸಿ ಕೇಳಂಗಿಲ್ಲ."