ಡಿಎಪಿ ಮೂಟೆ ಮತ್ತು 53ನೇ ಬಾಗಿಲು

ಪಿರಿಯಾಪಟ್ಟಣದಲ್ಲಿ ಕೆಳಗೆ ಗೊಬ್ಬರದ ಅಂಗಡಿ, ಮೇಲೆ ಮನೆ ಇಟ್ಟುಕೊಂಡವರ ಪಾಡು ನಿಮಗೂ ಗೊತ್ತಿರುತ್ತದೆ. ಮೇಲೆ ಮಗರಾಯ ಗೇಮ್ ಶುರುಮಾಡಿದ ಗಳಿಗೆಗೇ ಕೆಳಗೆ ಪಿಒಎಸ್ ಮಿಷನ್ನು ಗರಗರ ಸುತ್ತತೊಡಗುತ್ತದೆ. 2018ರಿಂದ ಸಬ್ಸಿಡಿ ಗೊಬ್ಬರಕ್ಕೆ ಆ ಮಿಷನ್ನಿನ ಮೇಲೆ ಆಧಾರ್ ಹೆಬ್ಬೆಟ್ಟು ಬೇಕು. ನೆಟ್ ಇಲ್ಲದಿದ್ದರೆ 50 ಕಿಲೋ ಡಿಎಪಿ ಮೂಟೆ ಜಪ್ಪಯ್ಯ ಅಂದರೂ ಕದಲುವುದಿಲ್ಲ.

ಹೊಸ ರೌಟರಿನಲ್ಲಿ ಫೈರ್‌ವಾಲ್ ಇತ್ತು. ಯಾರು ಯಾವ ಪೋರ್ಟ್ ಎಂಬ ಬಾಗಿಲಿನಿಂದ ಎಲ್ಲಿಗೆ ಹೋಗಬಹುದೆಂದು ಯಜಮಾನನೇ ನಿಯಮ ಬರೆಯಬಹುದಂತೆ. ಈ ಮನೆಯಲ್ಲಿ ನನ್ನ ಮಾತು ಕೇಳುವ ವಸ್ತು ಒಂದಾದರೂ ಸಿಕ್ಕಿತಲ್ಲ! ಕನ್ನಡಕ ಒರೆಸಿಕೊಂಡು ರೌಟರಿನ ವಿಳಾಸ 192.168.1.1 ಒತ್ತಿದೆ. "ಯಾರ ಜಾತಕ ಬರೀತಿದ್ದೀರಿ?" ಅಂದಳು ಮನೆಯಾಕೆ. ಅಡ್ಮಿನ್ ಆದವನು ಎಲ್ಲದಕ್ಕೂ ಉತ್ತರ ಕೊಡುವುದಿಲ್ಲ.

ಮೊದಲ ನಿಯಮ, ಮಗನ ಮೊಬೈಲಿಗೆ ನಿಷೇಧ. ಅವನು ಆಡುತ್ತಲೇ ಇದ್ದ. ರೌಟರ್ ನಿಯಮಗಳನ್ನು ಮೇಲಿನಿಂದ ಓದುತ್ತದೆ, ಮೊದಲು ಹೊಂದಿಕೆಯಾದದ್ದೇ ಕೊನೆಯ ಮಾತು. ಹುಣಸೂರು ಬಸ್ಸಿಗೆ ಕಿಟಕಿಯಿಂದ ಕರ್ಚೀಫ್ ಎಸೆದವನದೇ ಸೀಟು ಅನ್ನುವ ಹಾಗೆ. 'ಎಲ್ಲರಿಗೂ ಬಿಡು' ಎಂಬ ಹಳೇ ನಿಯಮ ಮೇಲೆ ಕಾಲು ಚಾಚಿಕೊಂಡಿತ್ತು. ನನ್ನದನ್ನು ಅದರ ಮೇಲೆ ಹತ್ತಿಸಿದೆ. ಮಗ ಸೆಟ್ಟಿಂಗ್ಸಲ್ಲಿ ಏನೋ ತಿರುವಿ, ರೌಟರ್ ಮೊಬೈಲನ್ನು ಗುರುತಿಸುವ ಮ್ಯಾಕ್ ವಿಳಾಸ ಬದಲಿಸಿಕೊಂಡು ಹೊಸಬನಾಗಿ ಒಳಬಂದ.

ಸಿಟ್ಟಿಗೆ ಎಲ್ಲರಿಗೂ ಬಾಗಿಲು ಹಾಕಿ, ಅಂಗಡಿಗೆ ಮಾತ್ರ 443ನೇ ಪೋರ್ಟ್ ತೆರೆದೆ. ಬ್ಯಾಂಕು, ಜಿಎಸ್‌ಟಿ ಎಲ್ಲ ಅಲ್ಲೇ ಓಡಾಡುತ್ತವಲ್ಲ. ಆದರೆ ಹೆಸರು ಹೇಳಿದರೆ ವಿಳಾಸ ತೋರಿಸುವ ಡಿಎನ್‌ಎಸ್ ಎಂಬ ಮಹಾಶಯ 53ರ ಬಾಗಿಲಲ್ಲಿ ಕೂತಿರುತ್ತಾನೆ. ಅವನೂ ಆಚೆಗೇ ಉಳಿದ.

ಬೆಳಿಗ್ಗೆ ಹೊಗೆಸೊಪ್ಪು ನಾಟಿಗೆ ಹದವಾದ ಮಳೆ. ಬೆಟ್ಟದಪುರ, ಕಂಪಲಾಪುರದ ಕಡೆಯವರೆಲ್ಲ ಅಂಗಡಿ ಮುಂದೆ. ಒಬ್ಬ ಯಜಮಾನರು ಹೆಬ್ಬೆಟ್ಟು ಒತ್ತಿದರು, ಪಂಚೆಗೆ ಒರೆಸಿ ಒತ್ತಿದರು, ಎಂಜಲು ಸವರಿ ಒತ್ತಿದರು. "ಸೊಪ್ಪು ಕಿತ್ತೂ ಕಿತ್ತೂ ಗೆರೆನೇ ಸವೆದೋಗವೆ ಕಣಣ್ಣ" ಎಂದು ತಾವೇ ನೊಂದುಕೊಂಡರು. "ಸರ್ವರ್ ಡೌನು" ಅಂದೆ ಗಂಭೀರವಾಗಿ. ಮಹಡಿಯಿಂದ ದನಿ ಬಂತು: "ರೀ, ನನ್ನ ಸೀರಿಯಲ್ಲೂ ಡೌನು!"

ಇಳಿದು ಬಂದವಳೇ ಪೊರಕೆ ಕಡ್ಡಿ ಮುರಿದು ರೌಟರಿನ ಹಿಂದಿನ ರೀಸೆಟ್ ತೂತಿಗೆ ಚುಚ್ಚಿ ಹಿಡಿದಳು. ನನ್ನ ಸಂವಿಧಾನ ಅಳಿಸಿಹೋಯಿತು. ಮಗ ವೈಫೈ ಮತ್ತೆ ಕಟ್ಟಿ, ಯಾರನ್ನೂ ತಡೆಯದೆ, ಮಿಷನ್ನಿಗೆ ವೇಗದಲ್ಲಿ ಮೊದಲ ಪಾಲು ಕೊಟ್ಟ. ಪಾಸ್‌ವರ್ಡನ್ನು ಅಮ್ಮನಿಗೆ ಕೊಟ್ಟ.

ನೀವು ನಿಯಮ ಬರೆಯುವುದಿದ್ದರೆ ಬ್ಯಾಕಪ್ ಇಟ್ಟುಕೊಳ್ಳಿ, 53 ತೆರೆದಿಡಿ, ಮಳೆ ಬಿದ್ದ ದಿನ ಮುಟ್ಟಬೇಡಿ. ನಾನು ಸದ್ಯ ಗೆಸ್ಟ್ ನೆಟ್‌ವರ್ಕಿನಲ್ಲಿದ್ದೇನೆ.